ಮೂಕವಾದ ಧ್ವನಿವರ್ಧಕ ಮತ್ತು ಪರಿಶೇಷ ನ್ಯಾಯ

ಹರಿಹರದ ಸಮಾರಂಭವೊಂದಕ್ಕೆಂದು ದಾವಣಗೆರೆಯಿಂದ ಹೊರಟಿದ್ದ ನಮ್ಮ ಶಾಲೆಯ ವಾಹನದಲ್ಲಿ ಹಾಡು ಹಠಾತ್ತನೆ ನಿಂತಿತು. ಹಳೆಯ ವಿದ್ಯಾರ್ಥಿಗಳು ಕಾಣಿಕೆಯಾಗಿತ್ತ ಆಂಪ್ಲಿಫೈಯರಿನ ಮೇಲೆ ಕೆಂಪು ದೀಪವೊಂದೇ ಉರಿಯುತ್ತಿತ್ತು. ‘ಇದು ಸುಟ್ಟಿದೆ, ಹೊಸದೇ ಬೇಕು’ ಎಂದರು ಕೆಲವರು. ದಾನಿಗಳ ಮುಂದೆ ಮತ್ತೆ ಕೈಯೊಡ್ಡುವ ಸಂಕೋಚದಿಂದ ನಾನು ಮೌನವಾಗಿದ್ದೆನು. ಆಗ ಮೋಟಾರು ವೈರಿಂಗ್ ಕಸುಬಿನಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು, ‘ಗುರುಗಳೇ, ಮೊದಲು ಪರೀಕ್ಷೆ, ಆಮೇಲೆ ತೀರ್ಪು’ ಎಂದು ಮೀಟರು ಹಿಡಿದು ಕುಳಿತನು.

ಆಂಪ್ಲಿಫೈಯರ್ ಎಂಬುದು ಕ್ಷೀಣವಾದ ನಾದಸಂಕೇತವನ್ನು ಬ್ಯಾಟರಿಯ ಶಕ್ತಿಯಿಂದ ಬಲಪಡಿಸುವ ಪೆಟ್ಟಿಗೆ. ಸಬ್‌ವೂಫರ್ ಎಂಬುದು ಸುಮಾರು 20ರಿಂದ 200 ಹರ್ಟ್ಸ್‌ವರೆಗಿನ ಮಂದ್ರನಾದವನ್ನು ನುಡಿಸುವ ದೊಡ್ಡ ಸ್ಪೀಕರು. ಪೆಟ್ಟಿಗೆಗೆ ಮೂರು ತಂತಿಗಳು ಮುಖ್ಯ: ಬ್ಯಾಟರಿಯಿಂದ ಬರುವ ಧನತಂತಿ, ವಾಹನದ ಲೋಹದೇಹಕ್ಕೆ ಬಿಗಿದ ಅರ್ತ್ ತಂತಿ, ಸ್ಟೀರಿಯೋ ಹಾಕಿದಾಗ ಪೆಟ್ಟಿಗೆಯನ್ನು ಎಚ್ಚರಿಸುವ ರಿಮೋಟ್ ತಂತಿ. ದೀಪವೇ ಹತ್ತದಿದ್ದರೆ ಮೊದಲು ಫ್ಯೂಜನ್ನು, ಅನಂತರ ಈ ಮೂರನ್ನು ನೋಡತಕ್ಕದ್ದು. ಧನತಂತಿಯಲ್ಲಿಯೂ ರಿಮೋಟ್ ತಂತಿಯಲ್ಲಿಯೂ ಸುಮಾರು 12 ವೋಲ್ಟ್ ಇರಬೇಕು. ಅರ್ತ್ ಬಿಗಿದೆಡೆಯಲ್ಲಿ ಬಣ್ಣವಾಗಲಿ ತುಕ್ಕಾಗಲಿ ಇರಕೂಡದು.

ಕೆಂಪು ದೀಪವಾದರೋ ಸಾಮಾನ್ಯವಾಗಿ ಮರಣದ ಸೂಚನೆಯಲ್ಲ, ಆತ್ಮರಕ್ಷಣೆಯ ಸೂಚನೆ. ಶಿಷ್ಯನು ಸ್ಪೀಕರಿನ ತಂತಿಗಳನ್ನು ಪೆಟ್ಟಿಗೆಯಿಂದ ಕಳಚಿ ಮತ್ತೆ ಚಾಲನೆ ಕೊಟ್ಟನು, ಕೆಂಪು ಆರಿತು. ಆರದಿದ್ದರೆ ಪೆಟ್ಟಿಗೆಯೊಳಗೇ ದೋಷವಿದೆಯೆಂದು ಶಂಕಿಸಿ ಅದನ್ನು ಬಲ್ಲವರಿಗೆ ಒಪ್ಪಿಸಬೇಕಾಗುತ್ತಿತ್ತು. ಬಳಿಕ ಸಬ್‌ವೂಫರಿನ ಸುರುಳಿಯನ್ನು ಅಳೆದನು. 4 ಓಮಿನ ಸುರುಳಿ ಮೀಟರಿನಲ್ಲಿ 3.5 ಓಮ್ ತೋರಿತು, ಅದು ಸಹಜವೇ. ಸೊನ್ನೆಯ ಸನಿಹವಿದ್ದರೆ ಸುರುಳಿಯ ಎಳೆಗಳು ಸುಟ್ಟು ಒಂದಕ್ಕೊಂದು ಕೂಡಿವೆಯೆಂದೂ, ಮೀಟರು ಏನನ್ನೂ ತೋರದಿದ್ದರೆ ಎಳೆ ತುಂಡಾಗಿದೆಯೆಂದೂ ತಿಳಿಯಬೇಕು.

ತರ್ಕಶಾಸ್ತ್ರದಲ್ಲಿ ಪರಿಶೇಷವೆಂಬುದುಂಟು: ಸಂಭಾವ್ಯವಾದವುಗಳನ್ನು ಒಂದೊಂದಾಗಿ ನಿರಾಕರಿಸಿದ ಮೇಲೆ ಉಳಿದುದೇ ನಿರ್ಣಯ. ಇಲ್ಲಿ ಉಳಿದುದು ನಡುವಣ ತಂತಿ. ಆಸನದಡಿಯಲ್ಲಿ ಅದರ ಹೊದಿಕೆ ಸವೆದು, ತಾಮ್ರವು ವಾಹನದ ಲೋಹಕ್ಕೆ ತಾಗುತ್ತಿತ್ತು. ಎರಡು ಮೊಳ ಹೊಸ ತಂತಿಯಿಂದ ಹಾಡು ಮರಳಿತು.

ಒಂದು ಎಚ್ಚರಿಕೆ. ಫ್ಯೂಜು ಪದೇ ಪದೇ ಹೋಗುವುದೆಂದು ಹೆಚ್ಚು ಆಂಪಿಯರಿನದನ್ನು ಹಾಕುವವರುಂಟು. ಆಗ ಫ್ಯೂಜು ಉಳಿದು ತಂತಿ ಉರಿಯುತ್ತದೆ. ಮಕ್ಕಳು ಕೂರುವ ವಾಹನದಲ್ಲಿ ಇದು ಅಕ್ಷಮ್ಯ.

ದಾನಿಗಳ ಕೊಡುಗೆ ಉಳಿಯಿತು. ಪದಚ್ಛೇದ ಮಾಡದೆ ಅರ್ಥ ಹೇಳಬಾರದೆಂದು ನಾನು ತರಗತಿಯಲ್ಲಿ ಬೋಧಿಸಿದುದನ್ನು ಆ ಶಿಷ್ಯನು ತಂತಿಗಳಲ್ಲಿ ಮಾಡಿ ತೋರಿಸಿದ್ದನು.