‘ದಿನಕ್ಕೆ ಒಂದೇ’ ಎನ್ನುವವರಿಗೆ

ಗೂಡಂಗಡಿ ಮುಂದೆ ಒಂದು ಕೈಯಲ್ಲಿ ಬೈಟು ಕಾಫಿ, ಇನ್ನೊಂದರಲ್ಲಿ ಸಿಗರೇಟು ಹಿಡಿದವರನ್ನು ಕೇಳಿ ನೋಡಿ: “ನಾನೇನು ಚೈನ್ ಸ್ಮೋಕರ್ ಅಲ್ಲ ಸಾರ್, ದಿನಕ್ಕೆ ಒಂದೇ.” ಶ್ವಾಸಕೋಶದ ಕ್ಯಾನ್ಸರ್ ಮಟ್ಟಿಗೆ ಈ ಸಮಾಧಾನದಲ್ಲಿ ಸ್ವಲ್ಪ ಹುರುಳಿದೆ, ಅಲ್ಲಿ ಸೇದಿದಷ್ಟೂ ಅಪಾಯ ಏರುತ್ತದೆ. ಪಾರ್ಶ್ವವಾಯು ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ.

ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಜರಡಿ ಹಿಡಿದ ವಿಶ್ಲೇಷಣೆಯೊಂದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ದಿನಕ್ಕೆ 20 ಸೇದುವವರು ಮೈಮೇಲೆ ಎಳೆದುಕೊಳ್ಳುವ ಹೆಚ್ಚುವರಿ ಪಾರ್ಶ್ವವಾಯು ಅಪಾಯದಲ್ಲಿ ಮೂರನೇ ಒಂದು ಪಾಲಿಗೂ ಮಿಕ್ಕಿದ್ದು ಒಂದೇ ಸೇದುವವರ ತಲೆಗೂ ಬರುತ್ತದೆ.

ಕಾರಣ ರಕ್ತದಲ್ಲಿದೆ. ಹೊಗೆ ಒಳಹೊಕ್ಕರೆ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟತೊಡಗುತ್ತವೆ. ಇದಕ್ಕೆ ಹೆಚ್ಚು ಹೊಗೆಯೇನೂ ಬೇಡ. ನಿಕೋಟಿನ್ ರಕ್ತದೊತ್ತಡ ಏರಿಸುತ್ತದೆ, ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕದ ಜಾಗ ಕಬಳಿಸುತ್ತದೆ, ರಕ್ತನಾಳದ ಒಳಪದರ ಹಾಳಾಗಿ ಕೊಬ್ಬು ಕೂರುತ್ತದೆ. ಕತ್ತಿನ ನಾಳದಲ್ಲಿ ಕೂತ ಆ ಕೊಬ್ಬಿನ ಮೇಲೆ ಕಟ್ಟಿದ ಹೆಪ್ಪು ಕಳಚಿ ಮೇಲೇರಿದರೆ ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತಂತೆ. ನಾಳ ಉಬ್ಬಿ ಒಡೆದು ಮಿದುಳಿನ ಸುತ್ತ ರಕ್ತ ಸೋರುವ ಬಗೆಯೂ ಧೂಮಪಾನಿಗಳಲ್ಲಿ ಹೆಚ್ಚು. ಪಕ್ಕದಲ್ಲಿ ಕೂತು ಹೊಗೆ ಕುಡಿಯುವ ಮನೆಯವರೂ ಅಪಾಯದಿಂದ ಹೊರಗಿಲ್ಲ.

ಇನ್ನು ಒಳ್ಳೆಯ ಸುದ್ದಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು 26 ವರ್ಷ ಗಮನಿಸಿದ ವೈದ್ಯರು 1988ರಲ್ಲಿ ವರದಿ ಕೊಟ್ಟರು: ಸಿಗರೇಟು ಬಿಟ್ಟ ಎರಡು ವರ್ಷಕ್ಕೇ ಪಾರ್ಶ್ವವಾಯುವಿನ ಅಪಾಯ ಗಣನೀಯವಾಗಿ ಇಳಿದಿತ್ತು, ಐದು ವರ್ಷಕ್ಕೆ ಸೇದದವರ ಮಟ್ಟಕ್ಕೆ ಬಂದಿತ್ತು. ಕಡಿಮೆ ಮಾಡಿದವರಿಗಲ್ಲ, ಬಿಟ್ಟವರಿಗೆ ಸಿಕ್ಕ ಲಾಭ ಇದು. ‘ಇಷ್ಟು ವರ್ಷ ಸೇದಿದ್ದಾಯಿತಲ್ಲ, ಇನ್ನೇನು’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ಸಿಕ್ಕಿಲ್ಲ.

ಮುಖ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಮಸಾಜು, ನಾಟಿ ಔಷಧಿ ಎಂದು ಅಲೆಯಬೇಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಗಡುವು ನಾಲ್ಕೂವರೆ ಗಂಟೆ. ಅದೂ ಸ್ಕ್ಯಾನ್ ಮುಗಿದ ಮೇಲಷ್ಟೇ ಕೊಡುವಂಥದ್ದು.

ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರಾಟಕ್ಕೆ 2017ರಲ್ಲೇ ನಿಷೇಧ ಬಿದ್ದಿದೆ. ಗೂಡಂಗಡಿಗೆ ಅದು ತಿಳಿದಂತಿಲ್ಲ. ಬಿಡಿಯಾಗಿ ಕೊಳ್ಳುವವರಿಗೆ ಪ್ಯಾಕಿನ ಮೇಲಿನ ಎಚ್ಚರಿಕೆಯ ಚಿತ್ರವೂ ಕಾಣದು, ಬಿಡಲು ನೆರವಾಗುವ ಉಚಿತ ಸಹಾಯವಾಣಿಯ ಸಂಖ್ಯೆಯೂ ಕಾಣದು. ಅವರಿಗಾಗಿ ಇಲ್ಲಿದೆ, ಬರೆದಿಟ್ಟುಕೊಳ್ಳಿ: 1800-11-2356.