ಹೊಳಪು ಕಂಡು ಬೆಲೆ ಕಟ್ಟಬೇಡಿ

2021ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಬಾನ್ಹಮ್ಸ್ ಹರಾಜಿನಲ್ಲಿ ಒಂದು ಹಳೆಯ ಕೋಲ್ಟ್ ರಿವಾಲ್ವರ್ 60 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಅದರ ಮೇಲೆ ಚಿನ್ನದ ಕೆಲಸವೇನೂ ಇರಲಿಲ್ಲ. 1881ರ ಜುಲೈ 14ರ ರಾತ್ರಿ ನ್ಯೂ ಮೆಕ್ಸಿಕೊದ ಫೋರ್ಟ್ ಸಮ್ನರ್‌ನಲ್ಲಿ ಶೆರಿಫ್ ಪ್ಯಾಟ್ ಗ್ಯಾರೆಟ್ ಕುಖ್ಯಾತ ಬಿಲ್ಲಿ ದ ಕಿಡ್‌ನನ್ನು ಕೊಂದದ್ದು ಅದರಿಂದ. ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂಬುದಕ್ಕೆ ಕಾಗದಪತ್ರಗಳಿದ್ದವು. ಹರಾಜಿನವರ ಅಂದಾಜು 20ರಿಂದ 30 ಲಕ್ಷ ಡಾಲರ್ ಮಾತ್ರ ಆಗಿತ್ತು.

ಅದೇ ಮಾದರಿಯ, ಅಷ್ಟೇ ಹಳೆಯ ಇನ್ನೊಂದು ರಿವಾಲ್ವರಿಗೆ ಅದರ ಒಂದು ಚೂರೂ ಸಿಗುವುದಿಲ್ಲ. ಹಾಗಿದ್ದರೆ ಸಂಗ್ರಹಯೋಗ್ಯ ರಿವಾಲ್ವರಿಗೆ ನ್ಯಾಯವಾದ ಬೆಲೆ ಕಟ್ಟುವುದು ಹೇಗೆ?

ಗ್ಯಾರೆಟ್‌ನದು ‘ಸಿಂಗಲ್ ಆಕ್ಷನ್ ಆರ್ಮಿ’ ಮಾದರಿ. 1873ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಇದು ತಯಾರಾದದ್ದು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ತಯಾರಿಕೆ ನಿಂತು, 1956ರಲ್ಲಿ ಮತ್ತೆ ಶುರುವಾಯಿತು. ಸಂಗ್ರಾಹಕರು ಹೆಚ್ಚು ಹುಡುಕುವುದು ಯುದ್ಧಕ್ಕೆ ಮುಂಚಿನ ಮೊದಲ ತಲೆಮಾರಿನದನ್ನು.

ಬಲ್ಲವರು ಗುಂಡು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಮೊದಲು ನೋಡುವುದು ಬಣ್ಣವನ್ನು. ಕಾರ್ಖಾನೆ ಕೊಟ್ಟ ಮೂಲ ನೀಲಿ ಎಷ್ಟು ಉಳಿದಿದೆ ಎಂಬುದನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ರೂಢಿಯಿದೆ. ಚರ್ಮದ ಚೀಲಕ್ಕೆ ಉಜ್ಜಿ ನಳಿಗೆಯ ತುದಿ ಬಿಳಿಚಿರುವುದು, ಉಳಿದ ಕಡೆ ನೀಲಿ ಕಂದಾಗಿರುವುದು ದೋಷವಲ್ಲ, ಪ್ರಾಮಾಣಿಕ ಸವೆತ. ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಚ್ಚಿ ಬೆಳಗಿದಂತೆ ಇದನ್ನು ಉಜ್ಜಿ ಹೊಸ ಬಣ್ಣ ಕೊಟ್ಟರೆ ನೋಡಲು ಚೆಂದ, ಆದರೆ ಬೆಲೆ ಕುಸಿಯುತ್ತದೆ. ಉಜ್ಜಿದ್ದು ಗೊತ್ತಾಗದೆ ಇರುವುದೂ ಇಲ್ಲ. ನಳಿಗೆಯ ಮೇಲಿನ ಅಕ್ಷರಗಳ ಅಂಚು ಮಸುಕಾಗಿರುತ್ತದೆ, ಚೂಪಾಗಿರಬೇಕಾದ ಮೂಲೆಗಳು ದುಂಡಗಾಗಿರುತ್ತವೆ, ತಿರುಪಿನ ತೂತುಗಳ ಸುತ್ತ ಲೋಹ ತಗ್ಗಾಗಿರುತ್ತದೆ. ಮರದ ಹಿಡಿಯನ್ನು ಮರಳುಕಾಗದದಿಂದ ತಿಕ್ಕಿದ್ದರೆ ಸೇನಾ ತಪಾಸಕರು ಒತ್ತಿದ್ದ ಮುದ್ರೆಯೂ ಅಳಿಸಿಹೋಗಿರುತ್ತದೆ. ಆ ಮುದ್ರೆ ಮತ್ತೆ ಬಾರದು.

ಆಮೇಲೆ ಸಂಖ್ಯೆಗಳು. ಚೌಕಟ್ಟು, ಟ್ರಿಗರ್ ಗಾರ್ಡ್, ಹಿಡಿಯ ಬೆನ್ನುಪಟ್ಟಿ, ಈ ಮೂರರ ಮೇಲೂ ಒಂದೇ ಸಂಖ್ಯೆ ಇರಬೇಕು. ಬೇರೆಬೇರೆಯಾಗಿದ್ದರೆ ಬಿಡಿಭಾಗ ಸೇರಿಸಿ ಕಟ್ಟಿದ್ದೆಂದು ಅರ್ಥ. ಇಲ್ಲಿ ಒಂದು ಸೂಕ್ಷ್ಮವಿದೆ, ನನಗೆ ಬಹಳ ಇಷ್ಟವಾದದ್ದು. 1890ರ ದಶಕದಲ್ಲಿ ಸೇನೆ ತನ್ನ ಹಳೆಯ ರಿವಾಲ್ವರುಗಳನ್ನು ವಾಪಸು ಪಡೆದು, ಏಳೂವರೆ ಇಂಚಿನ ನಳಿಗೆಯನ್ನು ಐದೂವರೆಗೆ ಕತ್ತರಿಸಿ, ಭಾಗಗಳನ್ನು ಕಲಸಿ ಜೋಡಿಸಿತು. ‘ಆರ್ಟಿಲರಿ’ ಎಂದು ಕರೆಯುವ ಅವುಗಳಲ್ಲಿ ಸಂಖ್ಯೆ ಹೊಂದದಿರುವುದೇ ಸಹಜ. ನಿಯಮವನ್ನಷ್ಟೇ ಕಂಠಪಾಠ ಮಾಡಿದವರು ಇಂಥದ್ದನ್ನು ಖೋಟಾ ಎಂದು ಬದಿಗೆ ಸರಿಸಿಬಿಡಬಹುದು.

‘ಬಂದೂಕು ಕೊಳ್ಳಿ, ಕಥೆ ಕೊಳ್ಳಬೇಡಿ’ ಎಂಬುದು ಅಮೆರಿಕದ ಸಂಗ್ರಾಹಕರ ಮಾತು. ತಾತ ಶೆರಿಫ್ ಆಗಿದ್ದರು ಎಂದು ಮಾರುವವರು ಹೇಳಿದರೆ ಸಾಲದು, ಪುರಾವೆ ಬೇಕು. ಶುಲ್ಕ ಕೊಟ್ಟರೆ ಕೋಲ್ಟ್ ಕಂಪನಿಯ ದಾಖಲೆ ವಿಭಾಗ ಹಳೆಯ ಲೆಡ್ಜರ್ ನೋಡಿ ಪತ್ರ ಕೊಡುತ್ತದೆ. ಯಾವ ದಿನ, ಯಾರಿಗೆ, ಎಷ್ಟುದ್ದದ ನಳಿಗೆ, ಯಾವ ಬಣ್ಣದಲ್ಲಿ ರವಾನೆಯಾಯಿತು ಎಂಬ ವಿವರ ಅದರಲ್ಲಿರುತ್ತದೆ. ಪತ್ರದಲ್ಲಿ ನೀಲಿ ಎಂದಿದ್ದು ಕೈಯಲ್ಲಿರುವುದು ನಿಕಲ್ ಆಗಿದ್ದರೆ ಬೆಲೆಯ ಮಾತು ಮೊದಲಿನಿಂದ ಶುರುವಾಗಬೇಕು.

ದರಪುಸ್ತಕಗಳೂ ಇವೆ. ಅವು ದಿಕ್ಕು ತೋರಿಸುತ್ತವೆ, ಅಷ್ಟೇ. ಮಾರುವವರು ಕೇಳುವ ಬೆಲೆಗಿಂತ, ಅದೇ ಸ್ಥಿತಿಯದು ಇತ್ತೀಚೆಗೆ ಹರಾಜಿನಲ್ಲಿ ನಿಜಕ್ಕೂ ಗಳಿಸಿದ ಬೆಲೆಯೇ ನಂಬಲು ಯೋಗ್ಯ. ಹರಾಜಿನವರ ಕಮಿಷನ್ ಅದರಲ್ಲಿ ಸೇರಿದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು.

ನಮ್ಮ ಕೊಡಗಿನ ಐನ್‌ಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಹೂವಿಟ್ಟು ಪೂಜಿಸುವ ಹಳೆಯ ಕೋವಿಗಳಿಗೂ ಹೊಳಪಿನ ಈ ಮಾತು ಸಲ್ಲುತ್ತದೆ. ದಯವಿಟ್ಟು ಅವನ್ನು ಉಜ್ಜಿ ಹೊಸದು ಮಾಡಿಸಬೇಡಿ. ಮೇಲಿರುವ ಗುರುತು, ಸಂಖ್ಯೆಗಳ ಚಿತ್ರ ತೆಗೆದಿಡಿ. ಅದು ಮನೆಗೆ ಹೇಗೆ ಬಂತೆಂದು ಹಿರಿಯರನ್ನು ಕೇಳಿ, ಇಂದೇ ಬರೆದಿಡಿ.