ದಯಾದತ್ತಿಗೆ ದೂರದ ಊರು ಬೇಡ

ಗೃಹಸ್ಥನಾದ ಶ್ರಾವಕನಿಗೆ ಆಚಾರ್ಯರು ವಿಧಿಸಿದ ನಿತ್ಯಕರ್ಮಗಳು ಆರು: ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ ಮತ್ತು ದಾನ. ಮೊದಲ ಐದು ಕರ್ಮಗಳು ಅವನನ್ನು ಬಸದಿಯತ್ತಲೂ ತನ್ನ ಅಂತರಂಗದತ್ತಲೂ ಕರೆದೊಯ್ಯುತ್ತವೆ. ಆರನೆಯದಾದ ದಾನವು ಅವನನ್ನು ಮನೆಯ ಹೊಸ್ತಿಲು ದಾಟಿಸಿ ಓಣಿಗೆ ಕರೆತರುತ್ತದೆ.

ಜೀವಿಗಳು ಒಂದಕ್ಕೊಂದು ಉಪಕಾರಿಯಾಗಿಯೇ ಬಾಳುತ್ತವೆ ಎಂಬುದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ತಿಳಿವು. ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದೇ ದಾನವೆಂದು ಆ ಗ್ರಂಥವು ನಿರೂಪಿಸುತ್ತದೆ. ಇಲ್ಲಿ ಅನುಗ್ರಹವು ಪಡೆದವನಿಗಷ್ಟೇ ಸೀಮಿತವಲ್ಲ. ಪಡೆದವನ ಕಷ್ಟ ನೀಗಿದರೆ, ಕೊಟ್ಟವನ ಲೋಭ ಕರಗುತ್ತದೆ. ಆದ್ದರಿಂದ ಜೈನರ ದೃಷ್ಟಿಯಲ್ಲಿ ದಾನವೆಂದರೆ ತ್ಯಾಗದ ಇನ್ನೊಂದು ಹೆಸರು.

ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ದುಃಖಿತರಿಗೆ, ಭಯಗೊಂಡವರಿಗೆ ಆಸರೆಯಾಗುವುದು ದಯಾದತ್ತಿ. ಮುನಿಗಳಿಗೆ ಭಕ್ತಿಯಿಂದ ಆಹಾರಾದಿಗಳನ್ನು ನೀಡುವುದು ಪಾತ್ರದತ್ತಿ. ಸಮಾನರಾದ ಸಹಧರ್ಮಿಗಳಿಗೆ ನೀಡುವುದು ಸಮದತ್ತಿ. ಮನೆತನದ ಹೊಣೆಯನ್ನು ಮುಂದಿನವರಿಗೆ ಒಪ್ಪಿಸುವುದು ಅನ್ವಯದತ್ತಿ. ಇಂದು ನಮ್ಮ ಊರುಗಳಲ್ಲಿ ಪಾತ್ರದತ್ತಿಗೆ ಕೊರತೆಯಿಲ್ಲ. ಪೂಜೆ, ಪಂಚಕಲ್ಯಾಣಗಳ ಸವಾಲುಗಳಲ್ಲಿ ಹಣ ಹರಿಯುತ್ತದೆ. ದಾನಿಗಳ ಹೆಸರು ಫಲಕವೇರುತ್ತದೆ. ಆದರೆ ಆಚಾರ್ಯರು ನಾಲ್ಕರಲ್ಲಿ ಮೊದಲು ಹೇಳಿದ ದಯಾದತ್ತಿಯು ಮರೆಯಾಗಿಲ್ಲವೇ? ಬಸದಿಗೆ ಹೋಗುವ ದಾರಿಯಲ್ಲಿಯೇ ಹಸಿದವರಿರುವಾಗ, ಒಳಗೆ ಮಾಡಿದ ಪೂಜೆ ಪೂರ್ಣವಾದೀತೇ?

ಈ ಪ್ರಶ್ನೆಗೆ ಬಾಗಲಕೋಟೆಯ ನೆಲವೇ ಮಾರ್ಗ ತೋರುತ್ತದೆ. ಐಹೊಳೆಯ ಮೇಗುತಿ ಜಿನಾಲಯವನ್ನು ಕ್ರಿ.ಶ. 634ರಲ್ಲಿ ಕಟ್ಟಿಸಿದವನು ಕವಿ ರವಿಕೀರ್ತಿ. ಇಮ್ಮಡಿ ಪುಲಕೇಶಿಯ ಕೃಪೆಯಿಂದ ತಾನು ಪಡೆದುದನ್ನು ಅವನು ಧರ್ಮಕಾರ್ಯವಾಗಿ ಈ ನಾಡಿಗೇ ಮರಳಿಸಿದನು. ಅದೇ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘವು ಸರಕಿನ ಹೇರಿಗೆ ಇಷ್ಟೆಂದು ಗೊತ್ತುಪಡಿಸಿ ದೇಗುಲ, ಬಸದಿಗಳಿಗೆ ಬಿಟ್ಟುಕೊಟ್ಟದ್ದನ್ನು ಶಾಸನಗಳು ಹೇಳುತ್ತವೆ. ಎಂದೋ ಒಮ್ಮೆ ಕೊಡುವ ದೊಡ್ಡ ಮೊತ್ತಕ್ಕಿಂತ ದುಡಿಮೆಯೊಡನೆ ಬೆಸೆದ ಚಿಕ್ಕ ಪಾಲು ಹೆಚ್ಚು ಕಾಲ ಬಾಳುತ್ತದೆ ಎಂಬುದು ಆ ವರ್ತಕರಿಂದ ಕಲಿಯಬೇಕಾದ ಪಾಠ.

ಕೊಡಲು ಹಣವೇ ಇಲ್ಲದವರು ಏನು ಮಾಡಬೇಕು? ಇದಕ್ಕೆ ಉತ್ತರ ಇಳಕಲ್ಲಿನಲ್ಲಿದೆ. ಅಲ್ಲಿಯ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರು ಬೇಡಿದ್ದು ಕಾಳು ಕಡಿಯನ್ನಲ್ಲ, ಜನರ ದುಶ್ಚಟಗಳನ್ನು. ಕುಡಿತ, ತಂಬಾಕುಗಳನ್ನು ಜನರು ಆ ‘ಮಹಾಂತ ಜೋಳಿಗೆ’ಗೆ ಹಾಕಿ ಹಗುರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರವು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಶ್ರಾವಕಾಚಾರದ ಮೊದಲ ಮೆಟ್ಟಿಲು ಕೂಡ ಸಪ್ತವ್ಯಸನಗಳ ತ್ಯಾಗವೇ ಆಗಿದೆ. ಮಠ ಬೇರೆ, ಮಾರ್ಗ ಬೇರೆ. ಆದರೆ ಬಿಡುವುದೂ ಒಂದು ಕೊಡುಗೆ ಎಂಬ ಸತ್ಯ ಒಂದೇ. ಮನೆಯ ಯಜಮಾನನು ಕುಡಿತ ಬಿಟ್ಟರೆ ಆ ಮನೆಯ ಹೆಂಡತಿ ಮಕ್ಕಳಿಗೆ ಅದಕ್ಕಿಂತ ದೊಡ್ಡ ಅಭಯದಾನ ಯಾವುದಿದೆ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಿಗೂ ನಮ್ಮ ಓಣಿಗಳಲ್ಲಿಯೇ ಎಡೆಯಿದೆ. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ಸೀಮೆಯ ನದಿತೀರದ ಹಳ್ಳಿಗಳು ನೀರುಪಾಲಾದವು. ಅಂಥ ಹೊತ್ತಿನಲ್ಲಿ ಒಂದು ತುತ್ತು ಬಿಸಿ ರೊಟ್ಟಿಯೇ ಆಹಾರದಾನ. ಇಳಕಲ್ಲಿನ ಕಲ್ಲುಗಣಿಗಳಲ್ಲಿ ದೂಳು ಕುಡಿದು ಕೆಮ್ಮುವ ಕೂಲಿಕಾರನನ್ನು ಆಸ್ಪತ್ರೆಗೆ ಕರೆದೊಯ್ದು ಪಕ್ಕದಲ್ಲಿ ಕೂರುವುದೇ ಔಷಧದಾನ. ಸೀರೆ ನೇಯುವ ಮಗ್ಗದ ಮನೆಯ ಮಕ್ಕಳಿಗೆ ಸಂಜೆ ಒಂದು ಗಂಟೆ ಲೆಕ್ಕ, ವ್ಯಾಕರಣ ಹೇಳಿಕೊಡುವುದೇ ಜ್ಞಾನದಾನ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಮನೆ ಬಿಟ್ಟು ಬಾಗಲಕೋಟೆಯ ನವನಗರಕ್ಕೆ ಬಂದ ಎಷ್ಟೋ ಹಿರಿಯರು ಹಳೆಯ ನೆರೆಹೊರೆಯನ್ನು ಕಳೆದುಕೊಂಡಿದ್ದಾರೆ. ಅಂಥ ವೃದ್ಧರ ಬಾಗಿಲು ತಟ್ಟಿ, ‘ನಾವಿದ್ದೇವೆ’ ಎನ್ನುವುದು ಅಭಯದಾನ. ಇವುಗಳಿಗೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಸಮಯ.

ಸೇವೆಗೆ ಜೈನಾಗಮದಲ್ಲಿ ವೈಯಾವೃತ್ಯ ಎಂಬ ಹೆಸರಿದೆ. ಅದನ್ನು ಅಂತರಂಗ ತಪಸ್ಸುಗಳ ಸಾಲಿನಲ್ಲಿ ಇರಿಸಲಾಗಿದೆ. ರೋಗಿಯಾದ, ವೃದ್ಧನಾದ ಮುನಿಯ ಶುಶ್ರೂಷೆ ಅದರ ಮೂಲ ಆಶಯ. ಮುನಿಸೇವೆಯಲ್ಲಿ ಹದಗೊಂಡ ಕೈ ನೆರೆಯವನ ಸೇವೆಗೆ ಹಿಂಜರಿಯಬಾರದು. ಅದು ತಪಸ್ಸಾಗಬೇಕಾದರೆ ಕೀರ್ತಿಯ ಆಸೆಯನ್ನೂ ಬಿಡಬೇಕು. ಫೋಟೊಗಾಗಿ ಕೊಟ್ಟ ಹಣ್ಣು ರೋಗಿಯ ಹಸಿವನ್ನು ತಣಿಸೀತು, ಕೊಟ್ಟವನ ಅಹಂಕಾರವನ್ನು ಮಾತ್ರ ಬೆಳೆಸೀತು.

ಭವ್ಯರು ಮುಂದಿನ ಅಷ್ಟಮಿ, ಚತುರ್ದಶಿಗಳಂದು ಉಪವಾಸದೊಡನೆ ಇನ್ನೊಂದು ನಿಯಮವನ್ನೂ ಸ್ವೀಕರಿಸಲಿ: ಆ ದಿನ ಬಿಟ್ಟ ಊಟದ ಬೆಲೆಯನ್ನೋ, ಉಳಿದ ಒಂದು ಗಂಟೆಯನ್ನೋ ಊರಿನ ಒಬ್ಬರಿಗಾಗಿ ಎತ್ತಿಡಲಿ. ತಾನು ಬಿಟ್ಟದ್ದು ಇನ್ನೊಬ್ಬರ ತಟ್ಟೆ ಸೇರಿದಾಗ ಉಪವಾಸವೂ ದಾನವೂ ಒಂದೇ ವ್ರತವಾಗುತ್ತವೆ.